‘ಡಿಜೆ ಬಂತು’

ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಮದುವೆಯ ಮೆರವಣಿಗೆಗೆ ಕಾದು ನಿಂತವರು ಈಗ ‘ಡಿಜೆ ಬಂತು’ ಎನ್ನುತ್ತಾರೆ; ‘ಬಂದ’ ಎಂದಾಗಲಿ ‘ಬಂದರು’ ಎಂದಾಗಲಿ ಯಾರೂ ಅನ್ನುವುದಿಲ್ಲ. ಬರುವುದು ಧ್ವನಿಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿಕೊಂಡ ವಾಹನ. ಕಸುಬುದಾರನೊಬ್ಬನ ಹೆಸರು ಯಂತ್ರದ ಹೆಸರಾದುದನ್ನು ನಮ್ಮ ಕ್ರಿಯಾಪದ ನಿಷ್ಠುರವಾಗಿ ದಾಖಲಿಸಿದೆ.

ಡಿಸ್ಕ್ ಜಾಕಿ ಮೊದಲು ಮಾತಿನ ಮನುಷ್ಯ. 1935ರಲ್ಲಿ ನ್ಯೂಯಾರ್ಕಿನ ರೇಡಿಯೊದಲ್ಲಿ ಮಾರ್ಟಿನ್ ಬ್ಲಾಕ್ ಧ್ವನಿಮುದ್ರಿಕೆಗಳನ್ನು ಹಾಕುತ್ತ, ನೃತ್ಯಶಾಲೆಯಲ್ಲಿ ವಾದ್ಯವೃಂದವೇ ಎದುರಿಗೆ ನುಡಿಸುತ್ತಿದೆಯೆಂಬ ಭ್ರಮೆಯನ್ನು ಬರಿಯ ಮಾತಿನಿಂದ ಹುಟ್ಟಿಸಿದರು. ನಮ್ಮ ದೇಶದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟ 1952ರಲ್ಲಿಯೇ ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಬುಧವಾರದ ರಾತ್ರಿ ಜನ ಹಾಡಿಗಾಗಿ ಕಾದಷ್ಟೇ ಆ ದನಿಗಾಗಿಯೂ ಕಾದರು. ಮುಂದೆ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾ ಮೂಲದ ತರುಣ ಕೂಲ್ ಹರ್ಕ್ ಎರಡು ತಿರುಗುಮಣೆಗಳನ್ನಿಟ್ಟು ಹಾಡಿನ ತಾಳದ ತುಣುಕನ್ನಷ್ಟೇ ಲಂಬಿಸಿ ಕುಣಿಸಿದ. ಅಲ್ಲಿಂದಾಚೆ ತಟ್ಟೆಯೇ ವಾದ್ಯವಾಯಿತು. ಮಾತು ಕ್ರಮೇಣ ಜೊತೆಗಾರನ ಪಾಲಾಯಿತು.

ನಮ್ಮ ಹಳ್ಳಿಗಳ ಸ್ಪೀಕರಿನವನಿಗೆ ಈ ಚರಿತ್ರೆ ತಿಳಿದಿರಲಿಲ್ಲ. ಕಸುಬು ಮಾತ್ರ ಅದೇ. ಬೇವಿನ ಮರಕ್ಕೆ ಭೋಂಗಾ ಕಟ್ಟಿ, ಪ್ಲೇಟಿನ ಒಂದೊಂದು ಮಗ್ಗುಲಿಗೂ ಮುಳ್ಳು ಬದಲಿಸುತ್ತ ಅವನು ಕೂರುತ್ತಿದ್ದ. ಮಗ್ಗುಲಿಗೊಂದೇ ಹಾಡು, ಮೂರೇ ನಿಮಿಷ, ಊಟಕ್ಕೆ ಏಳುವಂತಿಲ್ಲ. ಎರಡು ಹಾಡುಗಳ ನಡುವೆ ಆಯೇರಿ ಮಾಡಿದವರ ಹೆಸರು, ಊರು, ಬೀಗತನದ ಬಗೆ ಎಲ್ಲವನ್ನೂ ಕನ್ನಡದಲ್ಲಿ ಸಾರುತ್ತಿದ್ದ. ಮರಾಠಿ ಬೀಗರು ಬಂದರೆ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಮರಳುತ್ತಿದ್ದ. ಕಚೇರಿಯ ಕಾಗದ, ಬಸ್ಸಿನ ಫಲಕ ಎಲ್ಲವೂ ಮರಾಠಿಯಲ್ಲಿದ್ದ ನಮಗೆ, ನಮ್ಮ ಹೆಸರು ನಮ್ಮದೇ ಉಚ್ಚಾರದಲ್ಲಿ ಊರಗಲ ಕೇಳುತ್ತಿದ್ದುದು ಆ ಭೋಂಗಾದಲ್ಲಿ ಮಾತ್ರ. ಬಡವನ ಹನ್ನೊಂದು ರೂಪಾಯಿಗೂ ಸಾಹುಕಾರನ ನೂರೊಂದಕ್ಕೂ ಅವನ ದನಿಯ ಏರಿಳಿತ ಒಂದೇ. (ಅವನ ಸ್ವಂತ ಬಳಗದವರ ಸರದಿ ಬಂದಾಗ ತುಸು ಹೆಚ್ಚುತ್ತಿತ್ತೆಂಬ ದೂರು ಇದ್ದೇ ಇತ್ತು.)

ಕ್ಯಾಸೆಟ್ಟು, ಸಿಡಿ, ಪೆನ್ ಡ್ರೈವ್ ಒಂದರ ಹಿಂದೊಂದು ಬಂದವು. ಮುಳ್ಳು ಬದಲಿಸುವ ಕೆಲಸ ತಪ್ಪಿತು. ಅದರೊಡನೆ ಹಾಡುಗಳ ನಡುವಿನ ಬಿಡುವೂ ಹೋಯಿತು. ಆ ಬಿಡುವಿನಲ್ಲಿಯೇ ಮಾತು ಬದುಕಿತ್ತು.

ಕನ್ನಡ ಹೋಯಿತೆಂದು ನಾವು ಗೋಳಾಡುವುದಿಲ್ಲ, ಅದು ಸತ್ಯವೂ ಅಲ್ಲ. ಉತ್ತರ ಕರ್ನಾಟಕದ ಜಾನಪದ ಧಾಟಿಯ ಹಾಡುಗಳು ಡಿಜೆ ತಾಳ ತೊಟ್ಟು ಗಡಿ ದಾಟಿ ಬಂದಿವೆ. ಕನ್ನಡ ಬಾರದ ಹುಡುಗರೂ ಅವಕ್ಕೆ ಕುಣಿಯುತ್ತಾರೆ. ಎದೆಗೂಡು ನಡುಗಿಸುವ ಸದ್ದಿನಡಿ ಪದಗಳು ಮುಳುಗುತ್ತವೆ, ತೊಟ್ಟಿಲ ಕೂಸುಗಳು ಬೆಚ್ಚುತ್ತವೆ. ಅದು ನಮ್ಮ ತಕರಾರು. ರಾತ್ರಿ 10ರ ಬಳಿಕ ಬಯಲಲ್ಲಿ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ಸದ್ದನ್ನು ತಡೆದೀತು. ಕಳೆದ ದನಿಯನ್ನು ಮರಳಿ ಕೊಡಲಾರದು.

ಕಳೆದ ವೈಶಾಖದಲ್ಲಿ ನಮ್ಮ ಓಣಿಯ ಮದುವೆಗೆ ಬಂದ ಡಿಜೆಯ ಹುಡುಗನನ್ನು, ಆಯೇರಿಯ ಹೆಸರುಗಳನ್ನು ಓದುವೆಯಾ ಎಂದು ಕೇಳಿದೆವು. ಸಾಲ ಮಾಡಿ ಸಾಮಾನು ಕೊಂಡವನು, ನಯವಂತ. “ಮೈಕ್ ಪೆಟಿಗ್ಯಾಗ ಐತ್ರಿ ಕಾಕಾ, ಯಾರೂ ಕೇಳಂಗಿಲ್ಲ” ಎಂದು ಹೊರತೆಗೆದು, ಒರೆಸಿ, ಚೀಟಿಯನ್ನು ಕಣ್ಣ ಬಳಿ ಹಿಡಿದ. ಮರಾಠಿ ಶಾಲೆಯಲ್ಲಿ ಕಲಿತವನಿಗೆ ಕನ್ನಡ ಅಕ್ಷರ ಬರದು. ನಾವು ಪಕ್ಕದಲ್ಲಿ ನಿಂತು ಒಂದೊಂದೇ ಹೆಸರು ಹೇಳಿಕೊಟ್ಟೆವು. ಅವನು ಸಾರುತ್ತ ಹೋದ.