ಗಾಜಿನ ಹಿಂದಿನ ಬಿಸಿಲು

ಬಿಸಿಲನ್ನು ಹಳಿಯುವವರು ಬಹಳ. ಅದಕ್ಕೆ ನಮ್ಮ ಎಲುಬುಗಳು ಸಲ್ಲಿಸಬೇಕಾದ ಋಣವನ್ನು ನೆನೆಯುವವರು ವಿರಳ. 1919ರಲ್ಲಿ ಬರ್ಲಿನ್ ನಗರದ ವೈದ್ಯ ಹುಲ್ಡ್‌ಶಿನ್‌ಸ್ಕಿಯವರು ಎಲುಬು ಬಾಗಿದ ಮಕ್ಕಳನ್ನು ಅತಿನೇರಳೆ ಕಿರಣದ ದೀಪದಿಂದ ಗುಣಪಡಿಸಿ ತೋರಿಸಿದರು. ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಹುಟ್ಟಿಸುವ ಆ ಕಿರಣವು ಕಿಟಕಿಯ ಗಾಜನ್ನು ದಾಟಲಾರದು. ವೃದ್ಧೆಯಾದ ನನ್ನ ತಾಯಿಯವರು ವರುಷಗಟ್ಟಲೆ ಗಾಜಿನ ಹಿಂದೆಯೇ ಕುಳಿತರು. ಮೈ ಬೆಚ್ಚಗಾಯಿತಲ್ಲದೆ ಎಲುಬಿನ ನೋವು ತಗ್ಗಲಿಲ್ಲ.

ನೆರಳು ದೇಹಕ್ಕಿಂತ ಗಿಡ್ಡವಾದ ಹೊತ್ತಿನಲ್ಲಿ ಆ ಕಿರಣವು ಹೇರಳ. ಚರ್ಮವನ್ನು ಸುಡುವುದೂ ಅದೇ. ಕಪ್ಪು ಮೈಬಣ್ಣದವರಿಗೆ ತುಸು ಹೆಚ್ಚು ಹೊತ್ತು ಬೇಕು. ಆದರೂ ಮಿತಿಮೀರಿ ನಿಂತರೆ ಜೀವಸತ್ವವು ಬೆಳೆಯದು, ಅಪಾಯವೊಂದೇ ಬೆಳೆಯುವುದು. ಈಗ ತಾಯಿಯವರು ಕೆಲಕಾಲ ಅಂಗಳದಲ್ಲಿ ಕುಳಿತು, ಮೈ ಚುರುಗುಟ್ಟುವ ಮುನ್ನವೇ ನೆರಳಿಗೆ ಸರಿಯುತ್ತಾರೆ. ಸೂರ್ಯನಿಗೆ ಮಿತ್ರನೆಂಬ ಹೆಸರುಂಟಷ್ಟೆ. ಮಿತ್ರನ ಮನೆಯಲ್ಲಿಯೂ ಏಳುವ ಹೊತ್ತನ್ನು ಅರಿತಿರಬೇಕು.