ಎಂಟು ಬೈಟ್‌ಗೆ ಒಂದು ಸೆಕೆಂಡು

ನೀವು ಇದನ್ನು ಓದುತ್ತಿರುವ ಫೋನಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ, ನಾನು ದಿನಾ ಕೆಲಸ ಮಾಡುವ ಚಿಪ್‌ಗಿಂತ ಅದು 4 ಲಕ್ಷ ಪಟ್ಟು ದೊಡ್ಡದು. ನನ್ನ ಚಿಪ್‌ನಲ್ಲಿ ಇರೋದು ಬರೀ 20 ಕೆಬಿ. ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ.

ನಮ್ಮೂರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್. ಊರಿನ ಎಷ್ಟೋ ಜನರ ಹಾಗೆ ನಾನೂ ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿಬರ್ತೀನಿ. "ಡ್ರೈವರ್ ಬರೀತೀನಿ" ಅಂದರೆ ಸಹಪ್ರಯಾಣಿಕರಿಗೆ ನಗು. ಸೆನ್ಸರ್ ಹೇಳಿದ್ದನ್ನು ಪ್ರೊಸೆಸರ್‌ಗೆ ಅರ್ಥ ಮಾಡಿಸುವ ಪುಟ್ಟ ಪ್ರೋಗ್ರಾಮ್ ಅದು.

ನಮ್ಮದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರ್. ಟ್ಯಾಂಕ್, ಸುರಂಗಗಳಿಗೆ ಇಳಿಯುವವರಿಗಾಗಿ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಪ್ರಮಾಣ ತುಂಬಾ ಹೆಚ್ಚಾದರೆ ಮೂಗಿಗೆ ಆ ವಾಸನೆಯೇ ತಿಳಿಯಲ್ಲ. ಹಾಗಾಗಿ ಮೂಗನ್ನು ನಂಬುವ ಹಾಗಿಲ್ಲ, ಮೀಟರನ್ನೇ ನಂಬಬೇಕು.

ಸೆಕೆಂಡಿಗೊಂದು ದಾಖಲೆ ಬರುತ್ತೆ: ಸಮಯಕ್ಕೆ 4 ಬೈಟ್, ಅಳತೆಗೆ 2, ಸೆನ್ಸರ್ ಸಂಖ್ಯೆಗೆ 1, ಸ್ಥಿತಿಗೆ 1. ಒಟ್ಟು 8. ಆದರೆ ಸ್ಟ್ರಕ್ಟ್‌ನಲ್ಲಿ ಸ್ಥಿತಿ, ಸಮಯ, ಸೆನ್ಸರ್ ಸಂಖ್ಯೆ, ಅಳತೆ ಎಂಬ ಕ್ರಮದಲ್ಲಿ ಬರೆದರೆ ಅದೇ ದಾಖಲೆ 12 ಬೈಟ್ ಆಗುತ್ತೆ. 4 ಬೈಟ್‌ನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು ಅಂತ ಕಂಪೈಲರ್ ನಡುವೆ ಖಾಲಿ ಜಾಗ ಬಿಡುತ್ತೆ. ದೊಡ್ಡದನ್ನು ಮೊದಲು, ಚಿಕ್ಕದನ್ನು ಕೊನೆಗೆ ಇಟ್ಟರೆ ಮತ್ತೆ 8. ಟ್ರಂಕಿಗೆ ಸಾಮಾನು ಜೋಡಿಸುವಾಗ ಅಮ್ಮ ಮಾಡೋದೂ ಇದನ್ನೇ.

ದಾಖಲೆಗಳಿಗೆ ನಮಗೆ ಸಿಕ್ಕಿದ್ದು 4 ಕೆಬಿ. 12 ಬೈಟ್ ಆದರೆ 341 ಸೆಕೆಂಡು ಹಿಡಿಯುತ್ತೆ, 8 ಆದರೆ 512. ಒಂದು ಪೈಸೆ ಖರ್ಚಿಲ್ಲದೆ ಸುಮಾರು ಮೂರು ನಿಮಿಷ ಹೆಚ್ಚು.

ಇವೆಲ್ಲ ಕೂರೋದು ರಿಂಗ್ ಬಫರ್‌ನಲ್ಲಿ. ಜಾಗ ತುಂಬಿದ ಮೇಲೆ ಹೊಸ ದಾಖಲೆ ಬಂದರೆ ಅತಿ ಹಳೆಯದರ ಮೇಲೇ ಬರೆಯುತ್ತೆ. ಮಧ್ಯದಲ್ಲಿ ಮೆಮೊರಿ ಕೇಳೋದಿಲ್ಲ, ಹಾಗಾಗಿ ಇಲ್ಲ ಅನ್ನಿಸಿಕೊಳ್ಳೋದೂ ಇಲ್ಲ. ಅಲಾರಂ ಹೊಡೆದರೆ ಇಡೀ ರಿಂಗ್ ಫ್ಲ್ಯಾಶ್‌ಗೆ ಕಾಪಿ ಆಗುತ್ತೆ. ಪ್ರತಿ ಸೆಕೆಂಡೂ ಫ್ಲ್ಯಾಶ್‌ಗೇ ಬರೆಯಬಹುದಲ್ಲ ಅಂತೀರಾ? ಇಂಥ ಚಿಪ್‌ಗಳ ಫ್ಲ್ಯಾಶ್‌ಗೆ ಖಾತ್ರಿ ಇರೋದು ಸಾಮಾನ್ಯವಾಗಿ 10,000 ಸಲ ಅಳಿಸಿ ಬರೆಯುವವರೆಗೆ ಮಾತ್ರ.

ಮೂರು ನಿಮಿಷಕ್ಕೆ ಇಷ್ಟೊಂದು ಯಾಕೆ ಅಂತ ಟೀಮಿನಲ್ಲಿ ಕೇಳಿದವರಿದ್ದಾರೆ. ನನ್ನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಒತ್ತಡಕ್ಕೆ ಬಂಡೆಯೇ ಸಿಡಿಯುವ ಜಾಗ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೂ ಅವರು ಹೇಳ್ತಿದ್ದರು: "ಮೇಲೆ ಬಂದೋರ ಲೆಕ್ಕ ಸಿಗ್ತಿತ್ತು ಕಣಪ್ಪಾ. ಕೆಳಗೆ ಕೊನೇ ಗಳಿಗೇಲಿ ಏನಾಯ್ತು ಅನ್ನೋದು ಮಾತ್ರ ಯಾರಿಗೂ ಸಿಗ್ತಿರಲಿಲ್ಲ."

ಗಟಾರ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾನೂನೇ ಇದೆ. ಆದರೂ ಸಾವಿನ ಸುದ್ದಿ ನಿಂತಿಲ್ಲ. ಗಾಳಿ ಯಾವಾಗ ಕೆಟ್ಟಿತು, ಅಲಾರಂ ಎಷ್ಟು ಹೊತ್ತು ಹೊಡೀತು ಅನ್ನೋದಕ್ಕೆ ಸಾಕ್ಷಿ ಇಲ್ಲದಿದ್ದರೆ, "ಅವನದ್ದೇ ಅಜಾಗರೂಕತೆ" ಅಂತ ಹೇಳಿಬಿಡೋದು ಸುಲಭ.

ಕಾಲೇಜು ಮುಗಿಸಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳೋದಿಷ್ಟೇ. ಹೊಸ ಸ್ಟ್ರಕ್ಟ್ ಬರೆದ ಕೂಡಲೇ ಸೈಜ್‌ಆಫ್ ಹಾಕಿ ನೋಡಿ. ರಿಂಗ್ ತುಂಬಿದಾಗ ಯಾವ ದಾಖಲೆ ಹೋಗಬೇಕು ಅನ್ನೋದನ್ನು, ಆ ಮೀಟರ್ ಕಟ್ಟಿಕೊಂಡು ಇಳಿಯುವವರ ಜಾಗದಲ್ಲಿ ನಿಂತು ತೀರ್ಮಾನಿಸಿ.