ಕಷ್ಟಕಾಲದ ಬಣ್ಣದ ತಟ್ಟೆಗಳು

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ಅಲ್ಲಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಲ್ಯಾಂಕಾಸ್ಟರ್ ಎಂಬ ಊರು ಸಿಗುತ್ತದೆ. ಮಗಳ ಮನೆಗೆಂದು ಆ ಕಡೆ ಹೋದ ನಮ್ಮಂಥ ಹಿರಿಯರನ್ನು ಎಲ್ಲರೂ ನಯಾಗರ ಜಲಪಾತಕ್ಕೆ ಕರೆದೊಯ್ಯುತ್ತಾರೆ. ನಾನೂ ನೋಡಿ ಬಂದೆ. ಆದರೆ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಲ್ಯಾಂಕಾಸ್ಟರ್. ಅದು ಗಾಜಿನ ಊರು.

ಗಾಜು ಮಾಡಲು ಮರಳು, ಸೋಡಾ, ಸುಣ್ಣದ ಕಲ್ಲು ಬೇಕು. ಅದಕ್ಕಿಂತ ಹೆಚ್ಚಾಗಿ ಹಗಲೂ ರಾತ್ರಿ ಆರದ ಬೆಂಕಿ ಬೇಕು. 19ನೇ ಶತಮಾನದ ಕೊನೆಯಲ್ಲಿ ಈ ಊರಿನ ನೆಲದಡಿ ಅನಿಲ ಸಿಕ್ಕಿತು. ಅಗ್ಗದ ಉರುವಲು ಸಿಕ್ಕ ಮೇಲೆ ಗಾಜಿನ ಕಾರ್ಖಾನೆಗಳು ಬಂದವು. ಹತ್ತಿರದ ಹಾಕಿಂಗ್ ನದಿಯ ಹೆಸರಿನಲ್ಲಿ 1905ರಲ್ಲಿ ಇಲ್ಲಿ ಹಾಕಿಂಗ್ ಗಾಜಿನ ಕಂಪನಿ ಶುರುವಾಯಿತು. 1924ರಲ್ಲಿ ಕಾರ್ಖಾನೆ ಬೆಂಕಿಗೆ ಬಿತ್ತು. ಮತ್ತೆ ಕಟ್ಟಿದರು. ಮುಂದೆ ಯಂತ್ರಗಳು ಬಂದಾಗ, ನಿಮಿಷಕ್ಕೆ ಒಂದರಂತೆ ತಯಾರಾಗುತ್ತಿದ್ದ ಸಾಮಾನು ನಿಮಿಷಕ್ಕೆ 30ಕ್ಕೂ ಹೆಚ್ಚು ಬರತೊಡಗಿತು. ಸಾಮಾನು ಅಗ್ಗವಾಯಿತು.

ಅಷ್ಟರಲ್ಲಿ 1929 ಬಂತು. ಷೇರುಪೇಟೆ ಕುಸಿಯಿತು. 1930ರಿಂದ 1933ರೊಳಗೆ ಆ ದೇಶದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. 1933ರಲ್ಲಿ ದುಡಿಯುವವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಾನು ಜೀವನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಮುಚ್ಚಿದ ಬಾಗಿಲ ಮುಂದೆ ಪಾಸ್‌ಬುಕ್ ಹಿಡಿದು ನಿಂತವರ ಮುಖ ಹೇಗಿದ್ದೀತು ಎಂದು ಊಹಿಸಬಲ್ಲೆ. ಆ ಪೆಟ್ಟಿನ ನಂತರವೇ ಅಲ್ಲಿ ಠೇವಣಿಗೆ ವಿಮೆ ಬಂದದ್ದು, 1934ರಲ್ಲಿ. ನಮ್ಮಲ್ಲಿ ಅದು 1962ರಲ್ಲಿ ಬಂತು.

ಜೇಬು ಖಾಲಿಯಾದ ಆ ಕಾಲದಲ್ಲೇ ಬಣ್ಣದ ಗಾಜಿನ ತಟ್ಟೆಗಳು ಮನೆಮನೆಗೆ ಬಂದವು. ಗುಲಾಬಿ, ಎಳೆ ಹಸಿರು, ಜೇನಿನ ಬಣ್ಣ, ಕಡು ನೀಲಿ. ಜನ ಕೊಳ್ಳಲಿ ಎಂದು ಓಟ್ಸ್ ಡಬ್ಬಿಯೊಳಗೆ ಒಂದು ಗಾಜಿನ ಸಾಮಾನು ಇಟ್ಟು ಮಾರುತ್ತಿದ್ದರು. ಸಿನಿಮಾ ಮಂದಿರದವರು ವಾರಕ್ಕೊಂದು ದಿನ ಟಿಕೆಟ್ಟಿನ ಜೊತೆ ಒಂದು ತಟ್ಟೆ ಕೊಡುತ್ತಿದ್ದರು. ಈ ವಾರ ತಟ್ಟೆ, ಮುಂದಿನ ವಾರ ಬಟ್ಟಲು. ಪೂರ್ತಿ ಸೆಟ್ ಬೇಕಾದರೆ ತಿಂಗಳುಗಟ್ಟಲೆ ಹೋಗಬೇಕು. ಆರ್ಥಿಕ ಮುಗ್ಗಟ್ಟಿಗೆ ಇಂಗ್ಲಿಷಿನಲ್ಲಿ ಡಿಪ್ರೆಶನ್ ಎನ್ನುತ್ತಾರಲ್ಲ, ಹಾಗಾಗಿ ಈ ಗಾಜಿಗೆ ‘ಡಿಪ್ರೆಶನ್ ಗ್ಲಾಸ್’ ಎಂದೇ ಹೆಸರು. ಅಂದು ಪುಕ್ಕಟೆ ಸಿಕ್ಕಿದ್ದನ್ನು ಇಂದು ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಲ್ಯಾಂಕಾಸ್ಟರಿನ ಮುಖ್ಯರಸ್ತೆಯಲ್ಲಿ ಗಾಜಿನದೇ ಒಂದು ವಸ್ತುಸಂಗ್ರಹಾಲಯವಿದೆ. ಅದನ್ನು ನೋಡಿಕೊಂಡು ಒಂದು ಹಳೆ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯ ಹೆಂಗಸು ನನ್ನ ಮೊಮ್ಮಗಳ ಆಸಕ್ತಿ ಕಂಡು ಹಳೆಯ ಗಾಜನ್ನು ಗುರುತಿಸುವ ಪಾಠವನ್ನೇ ಮಾಡಿದರು. ಕೇಳುತ್ತಾ ನನಗೆ ನಗು ಬಂತು. ನಾವು ನೋಟು ಪರೀಕ್ಷಿಸುತ್ತಿದ್ದ ಕ್ರಮವೇ ಅದು!

ಮೊದಲು ಬೆಳಕಿಗೆ ಹಿಡಿಯಬೇಕು. ಅಗ್ಗದ ಗಾಜಾದ್ದರಿಂದ ಒಳಗೆ ಸಣ್ಣ ಗುಳ್ಳೆಗಳಿರುತ್ತವೆ. ಅದು ಮರೆಯಾಗಲಿ ಎಂದೇ ತಟ್ಟೆಯ ತುಂಬ ಬಲೆಯಂತೆ ಹೂಬಳ್ಳಿ ಮೂಡಿಸುತ್ತಿದ್ದರು. ಎರಡನೆಯದು ಬೆರಳು. ಅಂಚಿನ ಸುತ್ತ ಮೆಲ್ಲಗೆ ಸವರಿದರೆ ಅಚ್ಚಿನ ಎರಡು ಭಾಗ ಸೇರಿದ ಗೆರೆ ತಿಳಿಯುತ್ತದೆ, ಚಕ್ಕೆ ಎದ್ದಿದ್ದರೆ ಅದೂ ತಿಳಿಯುತ್ತದೆ. ಮೂರನೆಯದು ವಿನ್ಯಾಸ. ‘ಚೆರ್ರಿ ಬ್ಲಾಸಮ್’ ಎಂಬ ವಿನ್ಯಾಸವನ್ನು ಪೆನ್ಸಿಲ್ವೇನಿಯಾದ ಜೆನೆಟ್ ಕಂಪನಿ 1930ರ ದಶಕದಲ್ಲಿ ಮಾಡುತ್ತಿತ್ತು. 1970ರ ದಶಕದಿಂದ ಅದರ ನಕಲುಗಳು ಬಂದಿವೆ. ನಕಲಿನಲ್ಲಿ ಎಲೆಯ ನರಗಳು ಅಷ್ಟು ಸ್ಪಷ್ಟವಾಗಿ ಮೂಡಿರುವುದಿಲ್ಲ.

ತಟ್ಟೆಯ ತಳವನ್ನೂ ನೋಡಬೇಕು. ಅದೇ ರಾಜ್ಯದ ನ್ಯೂವಾರ್ಕ್ ಊರಿನ ಹೈಸಿ ಕಂಪನಿ ತನ್ನ ಎಷ್ಟೋ ಸಾಮಾನುಗಳ ಮೇಲೆ ವಜ್ರಾಕೃತಿಯೊಳಗೆ ‘ಎಚ್’ ಅಕ್ಷರ ಒತ್ತುತ್ತಿತ್ತು. ಆದರೆ ಪುಕ್ಕಟೆ ಹಂಚುತ್ತಿದ್ದ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಯಾವ ಗುರುತೂ ಇರುವುದಿಲ್ಲ. ಅವನ್ನು ವಿನ್ಯಾಸದಿಂದಲೇ ಹಿಡಿಯಬೇಕು.

ಕೊನೆಗೆ ಆ ಹೆಂಗಸು ಒಂದು ಪುಟ್ಟ ಟಾರ್ಚ್ ತೆಗೆದು, ದೀಪ ಆರಿಸಿ, ಒಂದು ಹಸಿರು ಬಟ್ಟಲಿನ ಮೇಲೆ ಬೆಳಕು ಬಿಟ್ಟರು. ಬಟ್ಟಲು ಮಿಂಚುಹುಳದ ಹಾಗೆ ಹಸಿರಾಗಿ ಹೊಳೆಯಿತು. “ತಾತಾ, ಮ್ಯಾಜಿಕ್!” ಎಂದು ಮೊಮ್ಮಗಳು ನನ್ನ ಕೈ ಹಿಡಿದಳು. ಮ್ಯಾಜಿಕ್ಕೇನೂ ಅಲ್ಲ ಮಕ್ಕಳೇ, ಅದು ನೇರಳಾತೀತ ದೀಪ. ಖೋಟಾ ನೋಟು ಹಿಡಿಯಲು ಬ್ಯಾಂಕಿನಲ್ಲಿ ಬಳಸುವುದೂ ಅದನ್ನೇ. ಬಣ್ಣ ಬರಲೆಂದು ಆ ಗಾಜಿಗೆ ತೀರಾ ಸ್ವಲ್ಪ ಯುರೇನಿಯಂ ಸೇರಿಸುತ್ತಿದ್ದರು. ನೇರಳಾತೀತ ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಹಳೆಯ ಹಸಿರು ಗಾಜೆಲ್ಲ ಹೀಗೆ ಹೊಳೆಯುವುದಿಲ್ಲ, ಹೊಳೆದದ್ದೆಲ್ಲ ಹಳೆಯದೂ ಅಲ್ಲ. ಇಂದೂ ಅಂಥ ಗಾಜು ಮಾಡುವವರಿದ್ದಾರೆ. ಅದನ್ನು ಬೀರುವಿನಲ್ಲಿಟ್ಟು ನೋಡಬೇಕು, ಊಟಕ್ಕೆ ಬಳಸಬಾರದು. ಮಗಳಿಗೂ ಒಂದು ಬುದ್ಧಿಮಾತು ಸಿಕ್ಕಿತು: ಹಳೆಯ ಗಾಜನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬೇಡಿ, ಮತ್ತೆಂದೂ ಹೋಗದಂತೆ ಮಂಕು ಹಿಡಿಯುತ್ತದೆ.

ಮೊಮ್ಮಗಳು ಒಂದು ಗುಲಾಬಿ ತಟ್ಟೆ ಆರಿಸಿಕೊಂಡಳು. ಬೆಲೆ 8 ಡಾಲರ್. “ಇದು ಯಾರ ಮನೆಯದು?” ಎಂದು ಕೇಳಿದಳು. ಅಲ್ಲಿಯವರೆಗೆ ಎಲ್ಲಕ್ಕೂ ಉತ್ತರ ಹೇಳಿದ್ದ ಆ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಜ್ಜಿಯೊಬ್ಬರು ತೀರಿಕೊಂಡ ಮೇಲೆ ಮನೆಯವರು ಪೆಟ್ಟಿಗೆಗಟ್ಟಲೆ ಮಾರಿದರಂತೆ. ಹೆಸರು ಯಾರೂ ಹೇಳಲಿಲ್ಲವಂತೆ.

ಆ ಮಾತು ನನಗೆ ನಾಟಿತು. ತಟ್ಟೆ ಯಾವ ಕಾಲದ್ದು, ಯಾವ ಕಾರ್ಖಾನೆಯದು ಎಂಬುದನ್ನು ತಟ್ಟೆಯೇ ಹೇಳುತ್ತದೆ. ಆದರೆ ಅದನ್ನು ತರಲು ಯಾವ ತಾಯಿ ಎಷ್ಟು ವಾರ ಸಿನಿಮಾಕ್ಕೆ ನಡೆದಳು, ಅದರಲ್ಲಿ ಯಾರ ಹುಟ್ಟುಹಬ್ಬಕ್ಕೆ ಏನು ಬಡಿಸಿದಳು ಎಂಬುದನ್ನು ಯಾವ ದೀಪವೂ ತೋರಿಸುವುದಿಲ್ಲ. ಅದನ್ನು ಮನೆಯವರೇ ಹೇಳಬೇಕು, ಬದುಕಿರುವಾಗಲೇ ಹೇಳಬೇಕು.

ನಮ್ಮ ಹಾಸನದ ಮನೆಯ ಗೋಡೆ ಬೀರುವಿನಲ್ಲೂ ಗಾಜಿನ ಬಟ್ಟಲುಗಳಿವೆ. ತಳದಲ್ಲಿ ‘ಯೇರಾ’ ಎಂದು ಅಚ್ಚೊತ್ತಿದೆ. ಮದುವೆಗೆ ಉಡುಗೊರೆಯಾಗಿ ಬಂದದ್ದು ಆರು, ಈಗ ಉಳಿದದ್ದು ಐದು. ಮಗಳ ನಾಮಕರಣದ ದಿನ ಅವು ಮೊದಲ ಸಲ ಹೊರಬಂದವು. ನಮ್ಮಾಕೆ ಅವುಗಳಲ್ಲಿ ಬಾಳೆಹಣ್ಣಿನ ರಸಾಯನ ಹಾಕಿಕೊಟ್ಟಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಮಗಳು ಕೊಲಂಬಸ್ಸಿನಲ್ಲಿ, ಮಗ ಪುಣೆಯಲ್ಲಿ. ಮನೆ ಮಾರುವ ಮಾತು ನಡೆಯುತ್ತಿದೆ. ಬಟ್ಟಲುಗಳನ್ನು ಯಾರು ಒಯ್ಯುತ್ತಾರೋ, ಯಾರೂ ಒಯ್ಯುವುದಿಲ್ಲವೋ ತಿಳಿಯದು.

ಊರಿಗೆ ಮರಳಿದ ಮೇಲೆ ನಾನು ಮಾಡಿದ ಕೆಲಸ ಇಷ್ಟೇ. ಲೆಡ್ಜರಿನಲ್ಲಿ ಬರೆಯುತ್ತಿದ್ದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಪಾತ್ರೆಗೂ ಒಂದು ಸಾಲು ಬರೆದೆ: ಎಲ್ಲಿಂದ ಬಂತು, ಯಾವಾಗ, ಯಾರು ಕೊಟ್ಟರು, ಅದರಲ್ಲಿ ಏನು ಬಡಿಸುತ್ತಿದ್ದರು. ಅದೇ ಸಂಖ್ಯೆಯ ಚೀಟಿಯನ್ನು ಪಾತ್ರೆಯ ತಳಕ್ಕೆ ಅಂಟಿಸಿದೆ. ಒಡೆದ ಆರನೆಯ ಬಟ್ಟಲಿಗೂ ಒಂದು ಸಾಲು ಕೊಟ್ಟಿದ್ದೇನೆ. ಇಡೀ ಪುಸ್ತಕ ಹದಿನಾಲ್ಕು ಪುಟ.

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿಯ ಬೀರುವಿನ ಬಾಗಿಲು ತೆಗೆಸಿ. ಎರಡು ಕೈಯಲ್ಲಿ ಹಿಡಿದು ತಟ್ಟೆಗಳನ್ನು ಕೆಳಗಿಳಿಸಿ, ಬೆಳಕಿಗೆ ಹಿಡಿಯಿರಿ, ತಳ ನೋಡಿ. ಆಮೇಲೆ ಪೆನ್ನು ಹಿಡಿದು ಅಜ್ಜಿಯ ಪಕ್ಕ ಕುಳಿತು, “ಇದು ಎಲ್ಲಿಂದ ಬಂತು?” ಎಂದು ಕೇಳಿ. ಅಜ್ಜ ಅಜ್ಜಿಯರೇ, “ಅದೆಲ್ಲ ಯಾಕೆ ಬಿಡು” ಎನ್ನಬೇಡಿ. ಹೇಳಿ.